ಕಿಟಕಿ ಪಕ್ಕದ ಬೆಟ್ಟ

ನಾನು ನನ್ನ ಆರೋಗ್ಯಕ್ಕೆಂದು ಏನೇ ಮಾಡಲು ಹೊರಟರೂ ಅದು ಊರವರ ಮನರಂಜನೆಯಾಗಿಯೇ ಮುಗಿಯುತ್ತದೆ. ಯೋಗಕ್ಕೆ ಸೇರಿದಾಗ ಹಾಗಾಯಿತು, ಬೆಳಗಿನ ವಾಕಿಂಗ್ ಶುರು ಮಾಡಿದಾಗಲೂ ಹಾಗೇ ಆಯಿತು. ಚನ್ನರಾಯಪಟ್ಟಣದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡು, ಗಲ್ಲಾದ ಹಿಂದೆ ಕೂತು ಕೂತು ಹೊಟ್ಟೆ ಬೆಳೆಸಿದ ಮನುಷ್ಯ ಮನೆಯೊಳಗಿಂದಲೇ ಬೆಟ್ಟ ಹತ್ತುತ್ತೇನೆಂದು ಹೊರಟರೆ ಇನ್ನೇನು ತಾನೇ ಆಗಬೇಕು?

೧. ರಸ್ತೆಯ ಸೈಕಲ್ಲು

ಹಾಸನದ ಡಾಕ್ಟರು ನನ್ನ ರಿಪೋರ್ಟು ನೋಡಿ, "ಶುಗರ್ ಬಾರ್ಡರಿನಲ್ಲಿದೆ, ಮಂಡಿ ಬೇರೆ ಸವೀತಾ ಇದೆ. ಸೈಕಲ್ ತುಳೀರಿ" ಅಂದರು. ಗೇರಿನ ಸೈಕಲ್ಲೊಂದನ್ನು ಕೊಂಡು, ಮಾರನೆಯ ದಿನವೇ ಅದರ ಮೇಲೆ ಅಂಗಡಿಗೆ ಹೊರಟೆ.

ಬಸ್ ಸ್ಟ್ಯಾಂಡಿನ ಹತ್ತಿರ ಹೂ ಮಾರುವವಳು ತಡೆದು, "ಯಾಕಣ್ಣಾ, ಬೈಕು ಕೆಟ್ಟೋಯ್ತಾ?" ಅಂದಳು.

"ಇಲ್ಲಮ್ಮ, ಆರೋಗ್ಯಕ್ಕೆ ಅಂತ."

ಅವಳು "ಓಗ್ಲಿ ಬುಡಣ್ಣ, ಎಲ್ಲಾರ್ಗೂ ಒಂದ್ ಕಾಲ ಬತ್ತದೆ" ಅಂತ ಒಂದು ಮಾರು ಮಲ್ಲಿಗೆಯನ್ನು ಪುಕ್ಕಟೆಯಾಗಿ ಕೈಗಿಟ್ಟಳು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ, ಮಗಳ ಮದುವೆಗೆ ಪಾತ್ರೆ ಹೇಳಿ ಮುಂಗಡ ಕೊಟ್ಟಿದ್ದ ಗೌಡರು ಏದುಸಿರು ಬಿಡುತ್ತಾ ಬಂದು ನಿಂತಿದ್ದರು. ಮದುವೆಗೆ ಇನ್ನೂ ಮೂರು ತಿಂಗಳಿತ್ತು. "ಇರ್ಲಿ ಸಾ, ನಮ್ ಕೊಳದಪ್ಪಲೆ ಈಗ್ಲೇ ಕೊಟ್ಬುಡಿ. ನಮ್ಮನೇಲೇ ಇರ್ಲಿ" ಅಂದರು.

ಸಂಜೆಯೊಳಗೆ ಹೊಳೆನರಸೀಪುರದಿಂದ ನನ್ನ ಅಕ್ಕನ ಫೋನು. ಅವಳು ಆಗಲೇ ಅಳುತ್ತಿದ್ದಳು. "ಅಂಗಡಿ ಮುಳುಗಿದ ವಿಷಯ ಒಡಹುಟ್ಟಿದವಳಿಗೆ ಹೂವಿನವಳ ಬಾಯಿಂದ ಗೊತ್ತಾಗ್ಬೇಕೇನೋ?"

೨. ನಿಂಬೆಹಣ್ಣು

ಹಾಸನದಲ್ಲಿರುವ ನನ್ನ ಬಾಮೈದ ಇದಕ್ಕೊಂದು ಪರಿಹಾರ ಹೇಳಿದ. "ಭಾವ, ಸೈಕಲ್ನ ಮನೆಯೊಳಗೇ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿದ್ರೆ ಆಯ್ತು. ಆ್ಯಪ್ ಹಾಕಿದ್ರೆ ಟಿವೀಲಿ ಬೆಟ್ಟದ ರಸ್ತೆ ಬರುತ್ತೆ. ನೀವು ತುಳಿದಷ್ಟು ಅಲ್ಲಿ ನಿಮ್ಮ ಗೊಂಬೆ ಮುಂದೆ ಹೋಗುತ್ತೆ. ಏರು ಬಂದ್ರೆ ಇಲ್ಲಿ ಪೆಡಲ್ಲೂ ಬಿಗಿಯಾಗುತ್ತೆ."

ಅವನೇ ಬಂದು ಜೋಡಿಸಿಯೂ ಕೊಟ್ಟ. ಜಾಗ ಬೇಕಿತ್ತಲ್ಲ, ನಡುಮನೆಯ ಕಿಟಕಿ ಪಕ್ಕದಲ್ಲಿದ್ದ ನನ್ನ ಹೆಂಡತಿಯ ಹೊಲಿಗೆ ಯಂತ್ರವನ್ನು ಅಡುಗೆಮನೆಯ ಮೂಲೆಗೆ ತಳ್ಳಿದೆವು. ಬೀದಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವಳು ಅವಳು. ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದಾಗಲೇ ನಾನು ಹೆದರಬೇಕಿತ್ತು.

ಕೆಳಗಿನ ಮನೆಯಲ್ಲಿ ಬಾಡಿಗೆಗಿರುವವನು ನುಗ್ಗೇಹಳ್ಳಿ ಕಡೆಯವನು, ಗೂಡ್ಸ್ ಆಟೋ ಓಡಿಸುತ್ತಾನೆ. ಹೊಸ ಗಾಡಿ ಬಂತೆಂದು ತಿಳಿದು ಅರಿಸಿನ ಕುಂಕುಮ, ಹೂವು, ನಿಂಬೆಹಣ್ಣುಗಳ ಸಮೇತ ಮೇಲೆ ಬಂದ. ಪೂಜೆಯೇನೋ ಆಯಿತು. ಆದರೆ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಮುಂದೆ ಹೋಗಬೇಕಲ್ಲ, ಇದು ನಿಂತಲ್ಲೇ ನಿಂತ ಗಾಡಿ.

"ನಿಂಬೆಹಣ್ಣು ಬೇಡ ಬಿಡಪ್ಪ" ಅಂದೆ.

"ಉಂಟೇನಣ್ಣ? ನಾಳೆ ಏನಾರಾ ಆದ್ರೆ? ಗಾಡಿ ಅಣ್ಣಿನ್ ಮ್ಯಾಲೆ ಓಗ್ದಿದ್ರೆ, ಅಣ್ಣೇ ಗಾಡಿ ಕೆಳಕ್ಕೋಗ್ಲಿ. ನೀವು ತುಳೀರಿ" ಅಂದವನೇ ಹಿಂದಿನ ಚಕ್ರಕ್ಕೂ ಅದರಡಿ ಸುತ್ತುವ ರೋಲರಿಗೂ ನಡುವೆ ಎರಡು ಹಣ್ಣು ಇಟ್ಟ. ನಾನು ಭಕ್ತಿಯಿಂದ ಜೋರಾಗಿ ತುಳಿದೆ.

ರಸ ಗೋಡೆಗೆ ಹಾರಿತು, ಬೀಜ ಬಾಮೈದನ ಕನ್ನಡಕಕ್ಕೆ ಹಾರಿತು. ಉಳಿದದ್ದೆಲ್ಲ, ನಮ್ಮ ಬೀದಿಯ ಮೇಷ್ಟರ ಹೆಂಡತಿ ಮಾರನೆಯ ದಿನದ ಗೃಹಪ್ರವೇಶಕ್ಕೆಂದು ಹೊಲಿಯಲು ಕೊಟ್ಟಿದ್ದ, ನನ್ನ ಹೆಂಡತಿ ಹೊಲಿದು ಮುಗಿಸಿ ಗೋಡೆಗೆ ತೂಗುಹಾಕಿದ್ದ ರೇಷ್ಮೆ ರವಿಕೆಗೆ ಹಾರಿತು.

ಆಗ ನನ್ನ ಹೆಂಡತಿ ಮಾತಾಡಿದಳು. "ನೋಡ್ರೀ, ದೀಪಾವಳಿ ಹೊಲಿಗೆ ಶುರುವಾಗೋ ಹೊತ್ತಿಗೆ ನೀವು ಆ ಟಿವಿ ಬೆಟ್ಟದ ತುದಿಯನ್ನ ಒಂದೇ ಒಂದು ಸಲ ಮುಟ್ಟಿ ತೋರಿಸ್ಬೇಕು. ಮುಟ್ಟಿದ್ರೆ ಕಿಟಕಿ ನಿಮ್ಮದು. ಇಲ್ಲದಿದ್ರೆ ನನ್ನ ಮಿಷನ್ನು ಅಲ್ಲಿಗೆ, ಇದು ಅಟ್ಟಕ್ಕೆ."

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ, ಆ ಹೊತ್ತಿಗೆ ಇಡೀ ಮನೆ ಶರಬತ್ತಿನ ವಾಸನೆ ಹೊಡೆಯುತ್ತಿತ್ತು.

೩. ತೂಕ

ಆ್ಯಪ್ ಮೊದಲು ಕೇಳಿದ್ದು ನನ್ನ ತೂಕ. ತೂಕ ಹೆಚ್ಚಿದ್ದಷ್ಟೂ ಬೆಟ್ಟ ಹತ್ತುವುದು ಕಷ್ಟ ಅಂತ ಬಾಮೈದ ಮೊದಲೇ ಹೇಳಿದ್ದ. ನಮ್ಮ ವ್ಯಾಪಾರದಲ್ಲಿ ಹಳೆಯ ಪಾತ್ರೆ ಬದಲಿಗೆ ಬಂದರೆ ತಳದ ಮಸಿ, ಕಿಲುಬು ಅಂತ ಸ್ವಲ್ಪ ಕಳೆದೇ ತೂಕ ಹಿಡಿಯುವುದು. ಅದೇ ನ್ಯಾಯದಲ್ಲಿ, ಇತ್ತೀಚೆಗೆ ಬಂದ ಹೊಟ್ಟೆ ನನ್ನ ಅಸಲು ತೂಕವಲ್ಲವೆಂದು ಕಳೆದು ಬರೆದೆ. ಕಳೆಯುವಾಗ ಕೈ ಸ್ವಲ್ಪ ಧಾರಾಳವಾಯಿತು.

ಅವತ್ತು ಬಾಮೈದ ಹಾಸನದಲ್ಲಿ ತನ್ನ ಸೈಕಲ್ಲಿನ ಮೇಲೆ ಕೂತು ಅದೇ ಆ್ಯಪಿನಲ್ಲಿ ಜೊತೆಗೆ ತುಳಿಯುತ್ತಿದ್ದ. ಫೋನಿನಲ್ಲಿ ಅವನ ದನಿ ಗಾಬರಿಯಾಗಿ ಬಂತು. "ಭಾವ, ನಿಮ್ಮ ಗೊಂಬೆ ನನ್ನ ಏಳನೇ ಕ್ಲಾಸಿನ ಮಗಳಿಗಿಂತ ಸಣ್ಣಗಿದೆ! ಏನು ಕಾಯಿಲೆ ಭಾವ?"

೪. ಸೋದರಮಾವ

ಜಿನನಾಥಪುರದಿಂದ ನನ್ನ ಸೋದರಮಾವ ಬಂದರು. ಪಕ್ಕದ ಬೆಳಗೊಳದ ಬೆಟ್ಟವನ್ನು ಈ ವಯಸ್ಸಿನಲ್ಲೂ ಕೋಲು ಹಿಡಿಯದೆ ಹತ್ತಿ ಇಳಿಯುವವರು. ಕುರ್ಚಿ ಎಳೆದುಕೊಂಡು ಕೂತು ನೋಡಿದರು. ಟಿವಿಯಲ್ಲಿ ನಾನು ಏರು ಹತ್ತುತ್ತಿದ್ದೆ.

"ಇದೇನೋ, ಕಾಲಲ್ಲಿ ಬೂಟು? ಬೂಟು ಹಾಕ್ಕೊಂಡು ಯಾರಾದ್ರೂ ಬೆಟ್ಟ ಹತ್ತುತಾರೇನೋ?"

"ಮಾವ, ಇದು ಯಾವುದೋ ಪರದೇಶದ ಬೆಟ್ಟ. ಮೇಲೆ ದೇವರಿಲ್ಲ."

"ಇಲ್ಲ ಅಂತ ನೀನು ಮೇಲೆ ಹೋಗಿ ನೋಡಿದ್ದೀಯೇನೋ?"

ಅಲ್ಲಿಯವರೆಗೆ ಮೇಲೆ ಹೋಗಿದ್ದರೆ ತಾನೇ! ಬೂಟು ಬಿಚ್ಚಿ ಬರಿಗಾಲಲ್ಲಿ ತುಳಿದೆ. ಪೆಡಲ್ಲಿನ ಹಲ್ಲು ಅಂಗಾಲಿಗೆ ಚುಚ್ಚುತ್ತಿತ್ತು. ಪರದೇಶದವರು ಒಬ್ಬೊಬ್ಬರೇ ನನ್ನನ್ನು ದಾಟಿ ಹೋದರು. "ಎಲ್ಲಾ ಮುಂದೆ ಹೋದ್ರು, ಒಬ್ಬರೂ ನಿಂತು ಮಾತಾಡಿಸ್ಲಿಲ್ಲ. ಎಂಥಾ ಜನ!" ಅಂತ ಮಾವ ಬೇಜಾರು ಮಾಡಿಕೊಂಡರು. ನಾನು ಬಾಯಿಯಲ್ಲಿ ಉಸಿರಾಡಲು ಶುರು ಮಾಡಿದಾಗ, "ಅಲ್ಲಿ ಹೊತ್ಕೊಂಡು ಹೋಗೋ ಡೋಲಿಯೋರು ಇಲ್ವಾ?" ಅಂತ ಕೇಳಿದರು.

ಅರ್ಧ ದಾರಿಗೇ ನಾನು ಹ್ಯಾಂಡಲ್ಲಿನ ಮೇಲೆ ಮಲಗಿಬಿಟ್ಟೆ. ಮಾವ ಎದ್ದು ಬಂದು ಬೆನ್ನು ಸವರಿ ಸಮಾಧಾನ ಮಾಡಿದರು. "ಹೋಗ್ಲಿ ಬಿಡು. ಕೈಲಾಗದೋರು ಕೆಳಗಿಂದಲೇ ಕೈಮುಗೀತಾರೆ. ಮುಗಿದು ಇಳಿ."

೫. ಲೈನ್‌ಮ್ಯಾನು

ದಸರಾ ಕಳೆಯಿತು. ಒಂದು ಮಧ್ಯಾಹ್ನ ನನಗೆ ಎಲ್ಲಿಲ್ಲದ ಹುರುಪು ಬಂದು ಮುಕ್ಕಾಲು ಬೆಟ್ಟ ಹತ್ತಿದ್ದೆ. ಕರೆಂಟು ಹೋಯಿತು. ಟಿವಿ ಆರಿತು, ಬೆಟ್ಟವೂ ಆರಿತು. ಕರೆಂಟು ತಕ್ಷಣ ಬಂದರೆ ನಿಂತಲ್ಲಿಂದಲೇ ಮುಂದುವರಿಸಬಹುದೇನೋ ಎಂಬ ಆಸೆ. ಸೀಟಿನ ಮೇಲಿಂದಲೇ ಲೈನ್‌ಮ್ಯಾನಿಗೆ ಫೋನು ಮಾಡಿದೆ.

"ಅಣ್ಣಾ, ಬೇಗ ಕರೆಂಟು ಕೊಡಪ್ಪ. ಮುಕ್ಕಾಲು ಬೆಟ್ಟ ಹತ್ತಿ ನಿಂತಿದ್ದೀನಿ."

"ಬೆಟ್ಟದ್ ಮ್ಯಾಲಿದ್ದೀರಾ? ಯಾವ್ ಬೆಟ್ಟ ಸಾ?"

"ಬೆಟ್ಟ ಯಾವುದಾದರೇನು, ನಮ್ಮನೇಲಿ ಕರೆಂಟಿಲ್ಲದೆ ಮುಂದಕ್ಕೆ ಹತ್ತೋಕಾಗ್ತಿಲ್ಲ ಕಣಯ್ಯ!"

ಅವನು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. "ಸಾ, ಬಿಸ್ಲು ಜಾಸ್ತಿ ಐತೆ. ನೀವು ಒಸಿ ನೀರ್ ಕುಡ್ದು, ಮೆಲ್ಲಕ್ಕೆ ಇಳ್ಕಂಡು ಮನೆಗೋಗಿ. ಅಷ್ಟೊತ್ಗೆ ಕರೆಂಟು ಬತ್ತದೆ."

೬. ಕೊನೆಯ ತಿರುವು

ದೀಪಾವಳಿ ಹೊಲಿಗೆಯ ಬಟ್ಟೆಗಳು ನಾಳೆಯಿಂದ ಬರುತ್ತವೆ ಅನ್ನುವಾಗ ನನಗೆ ಉಳಿದಿದ್ದು ಒಂದೇ ಸಂಜೆ. ಅಂಗಡಿಗೆ ಬೇಗ ಬೀಗ ಹಾಕಿ ಬಂದೆ. ಹಾಸನದಿಂದ ಬಾಮೈದ ಫೋನಿನಲ್ಲಿ ಜೊತೆಯಾದ. ಸ್ಪೀಕರ್ ಹಾಕಿ ಕಿಟಕಿಯಲ್ಲಿಟ್ಟೆ. ಹೆಂಡತಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಅವತ್ತು ನನ್ನ ಕಾಲಿಗೆ ಏನಾಗಿತ್ತೋ ಗೊತ್ತಿಲ್ಲ, ಒಂದೊಂದೇ ತಿರುವು ದಾಟುತ್ತಾ ಹೋದೆ. ಆದರೆ ಹೊರಗೆ ಹೊತ್ತು ಇಳಿಯುತ್ತಿತ್ತು. ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅದು ನಮ್ಮ ಜೊತೆಗಿರುವ ಅಮ್ಮನ ವ್ರತ, ಮನೆಯ ಪದ್ಧತಿ. ನಾನು ಉಣ್ಣದೆ ಅಮ್ಮ ಉಣ್ಣುವವಳಲ್ಲ, ಅದು ಅವಳದೇ ಇನ್ನೊಂದು ಪದ್ಧತಿ. ಅಂದರೆ ನಾನು ಇಳಿಯದಿದ್ದರೆ ಎಂಬತ್ತರ ಮುದುಕಿಗೆ ರಾತ್ರಿಯೆಲ್ಲ ಉಪವಾಸ. ಇಳಿದರೆ ಕಿಟಕಿ ಹೋಯಿತು.

"ಇಳಿಯೋ, ಹೊತ್ತಾಯ್ತು" ಅಂದಳು ಅಮ್ಮ.

"ಅಮ್ಮ, ಇಲ್ಲಿ ನೋಡು, ಸೂರ್ಯ ಇನ್ನೂ ನೆತ್ತಿ ಮೇಲಿದ್ದಾನೆ" ಅಂತ ಟಿವಿ ತೋರಿಸಿದೆ.

"ಆ ಸೂರ್ಯನ್ನ ನಂಬ್ಕೊಂಡು ಯಾರಾದ್ರೂ ಸಂಡಿಗೆ ಒಣಗಿಸ್ತಾರೇನೋ?" ಅಂದವಳೇ ಒಳಗೆ ಹೋಗಿ ತಟ್ಟೆಯಲ್ಲಿ ಅನ್ನ ಸಾರು, ಪಕ್ಕದಲ್ಲೇ ಮೊಸರನ್ನ ಕಲಸಿ ತಂದಳು. ಸೈಕಲ್ಲಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ನೀನು ತುಳಿ, ಬಾಯಿ ಮಾತ್ರ ತೆಗಿ" ಅಂದಳು.

ಐವತ್ತೆರಡು ವರ್ಷದ ವ್ಯಾಪಾರಸ್ಥ ನಾನು, ಬೆವರು ಸುರಿಸಿಕೊಂಡು, ಆಕಳಿಸಿದಂತೆ ಬಾಯಿ ತೆಗೆದು ತುತ್ತು ತೆಗೆದುಕೊಂಡೆ. ಒಂದು ತುತ್ತಿಗೆ ಒಂದು ತಿರುವು. "ಅಗಿದು ತಿನ್ನೋ" ಅಂತ ಅಮ್ಮ. "ಬಿಡಬೇಡಿ ಭಾವ, ಇನ್ನು ನಾಲ್ಕೇ ತಿರುವು!" ಅಂತ ಫೋನು. ಹೆಂಡತಿ ಕೂಡ ಅಳತೆ ಟೇಪನ್ನು ಕೈಗೆ ಸುತ್ತಿಕೊಂಡು ಎರಡು ಹೆಜ್ಜೆ ಹತ್ತಿರ ಬಂದಳು. ಅವಳ ಮುಖದಲ್ಲಿ ಆತಂಕವಿತ್ತು. ಗೆದ್ದೇಬಿಡುತ್ತೇನೇನೋ ಎಂಬ ಆತಂಕ.

ಮೊಸರನ್ನದ ಕೊನೆಯ ತುತ್ತೂ ಒಳಗೆ ಹೋಯಿತು. ಅಮ್ಮ ಅಲ್ಲೇ ಕೂತು ತನ್ನ ಊಟವನ್ನೂ ಮುಗಿಸಿ, ನೀರು ಕುಡಿದು, ಕಿಟಕಿಯಾಚೆ ನೋಡಿದಳು. ಸೂರ್ಯ ಇನ್ನೂ ತೆಂಗಿನ ಗರಿಗಳ ಮೇಲಿದ್ದ. ಯಾರಿಗೂ ಉಪವಾಸವಿಲ್ಲ, ವ್ರತವೂ ಕೆಡಲಿಲ್ಲ. ಟಿವಿಯಲ್ಲಿ ಕೊನೆಯ ಎರಡು ತಿರುವುಗಳಾಚೆ ತುದಿಯ ಬಾವುಟ ಕಾಣುತ್ತಿತ್ತು. ನಾನು ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದೆ.

ಟಿವಿ ಕಪ್ಪಾಯಿತು.

ಲೈನ್‌ಮ್ಯಾನಿನ ಇಡೀ ವಂಶವನ್ನು ಮನಸ್ಸಿನಲ್ಲೇ ಬೈಯುತ್ತಾ ತಲೆಯೆತ್ತಿದರೆ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಅಮ್ಮ ಎಡಗೈಯಲ್ಲಿ ಪ್ಲಗ್ಗು ಹಿಡಿದುಕೊಂಡು ನಿಂತಿದ್ದಳು.

"ಅಮ್ಮಾ! ಏನು ಮಾಡಿದೆ! ಇನ್ನೆರಡೇ ತಿರುವಿತ್ತು!"

"ಉಂಡ ತಕ್ಷಣ ಬೆಟ್ಟ ಹತ್ತಬಾರ್ದು ಕಣೋ, ಹೊಟ್ಟೆ ಹಿಡ್ಕೊಳ್ಳುತ್ತೆ. ನಾಳೆ ಹತ್ತು. ಬೆಟ್ಟ ಎಲ್ಲಿಗೂ ಹೋಗಲ್ಲ."

"ಬೆಟ್ಟ ಹೋಗಲ್ಲ ಅತ್ತೆ, ಸೈಕಲ್ಲು ಹೋಗುತ್ತೆ" ಅಂದಳು ನನ್ನ ಹೆಂಡತಿ. ನಾನು ಕೆಳಗಿಳಿಯುವಷ್ಟರಲ್ಲಿ ಅವಳ ಹೊಲಿಗೆ ಯಂತ್ರ ಅಡುಗೆಮನೆಯ ಹೊಸ್ತಿಲು ದಾಟಿತ್ತು.