ಮಾವನ ಪಿಸ್ತೂಲು, ಜೋರು ಗುಂಡು

ನನ್ನ ಸೋದರಮಾವ ಈ ಭೂಮಿಯ ಮೇಲೆ ಯಾವುದಕ್ಕೂ ಹೆದರುವವರಲ್ಲ, ತಮ್ಮ ಸ್ವಂತ ಪಿಸ್ತೂಲೊಂದನ್ನು ಬಿಟ್ಟು! ನಗಬೇಡಿ, ನಿಜ. ಹಾವು ಅಡ್ಡ ಬಂದರೆ ಬೈಕು ನಿಲ್ಲಿಸಿ, "ಹೋಗಪ್ಪಾ, ಮೊದ್ಲು ನೀ ಹೋಗು" ಎಂದು ದಾರಿ ಬಿಡುವ ಗಟ್ಟಿ ಗುಂಡಿಗೆ ಅವರದು. ಆದರೆ ಬೀರುವಿನಲ್ಲಿ ಮಸ್ಲಿನ್ ಬಟ್ಟೆ ಸುತ್ತಿಕೊಂಡು ಮಲಗಿರುವ ಪಿಸ್ತೂಲಿನ ನೆನಪಾದರೆ ಸಾಕು, ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು.

ಕೂಡ್ಲಿಗಿಯಲ್ಲಿ ಅವರದೊಂದು ಶೇಂಗಾ ಎಣ್ಣೆಯ ಗಾಣ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಮನೆತನ. ಗಾಣದ ಹಿಂಡಿಗೆ ಮುತ್ತುವ ಇರುವೆಗಳನ್ನು ಊದಿ ಊದಿ ಓಡಿಸುತ್ತಾರೆಯೇ ಹೊರತು ಒಂದನ್ನೂ ಹೊಸಕಿ ಸಾಯಿಸಿದವರಲ್ಲ. ಇಂಥವರಿಗೆ ಪಿಸ್ತೂಲು ಎಲ್ಲಿಂದ ಬಂತು? ಅಜ್ಜನ ಕಾಲದಲ್ಲಿ ಬೆಳೆ ಕಾಯಲು ಒಂದು ಉದ್ದನೆಯ ಬಂದೂಕು, ಅದಕ್ಕೊಂದು ಲೈಸೆನ್ಸು ಇತ್ತು. ಮಾವ ಅದನ್ನು ಬೈಕಿನ ಮೇಲೆ ಅಡ್ಡ ಇಟ್ಟುಕೊಂಡು ಹೊರಟರೆ ಎದುರಿಗೆ ಬರುವವರು ತಾವಾಗಿಯೇ ಹೊಲಕ್ಕೆ ಇಳಿದುಬಿಡುತ್ತಿದ್ದರಂತೆ. ಕಡೆಗೆ ಕಚೇರಿಗಳನ್ನೆಲ್ಲ ಸುತ್ತಿ, ಕಾಗದಗಳನ್ನು ಸರಿಮಾಡಿಸಿ, ಬಂದೂಕು ಕೊಟ್ಟು ಪಿಸ್ತೂಲು ತಂದರು.

ತಂದದ್ದು ಅತ್ತೆಯ ಸಲುವಾಗಿ. ಊರ ಹೊರಗೆ ಬಂಡೆಗಲ್ಲಿನ ಗುಡ್ಡದ ಬುಡದಲ್ಲಿ ಅವರ ತೋಟ. ಅಲ್ಲಿ ಪಪ್ಪಾಯಿ, ಶೇಂಗಾ, ಒಂದು ಎಮ್ಮೆ. ಎರಡು ವರ್ಷದ ಹಿಂದೆ ನಸುಕಿನಲ್ಲಿ ಹಾಲು ಕರೆಯಲು ಹೋದ ಅತ್ತೆಯ ಮೇಲೆ ಕರಡಿ ಬಿತ್ತು. ಎಡ ಭುಜಕ್ಕೆ ಹೊಲಿಗೆಗಳು ಬಿದ್ದವು. ಗಾಯ ಮಾಯ್ದ ಮರುದಿನವೇ ಅತ್ತೆ ತಂಬಿಗೆ, ಬಕೆಟ್ಟು ಹಿಡಿದು ಹೊರಟರು.

"ಏ, ನಿನಗ ತಲಿ ಕೆಟ್ಟೈತೇನು? ಆಳಿನ ಕಡಿಂದ ಹಾಲು ಕರಸೋಣು," ಎಂದರು ಮಾವ.

"ನನ್ನ ಕೈ ಬಿಟ್ಟು ಬ್ಯಾರೆ ಕೈ ಹತ್ತಿದ್ರ ಅದು ಒದೀತೈತ್ರಿ. ಕರಡಿ ಒಂದ ಸಲ ಪರಚಿತು, ಎಮ್ಮಿ ದಿನಾ ಒದ್ರ ಆಳು ಉಳದಾನೇನು?"

ಮಾವ ಪಿಸ್ತೂಲಿಗೆಂದು ಕಚೇರಿಗಳ ದಾರಿ ಹಿಡಿದದ್ದು ಆಗಲೇ. ಅದು ಕೈಗೆ ಬಂದಾಗಿನಿಂದ ದಿನಾ ನಸುಕಿನಲ್ಲಿ ಮುಂದೆ ಮಾವ, ಸೊಂಟದಲ್ಲಿ ಪಿಸ್ತೂಲು, ಹಿಂದೆ ಅತ್ತೆ, ಕೈಯಲ್ಲಿ ಬಕೆಟ್ಟು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ರಜೆಗೆ ಅಲ್ಲಿಗೆ ಹೋದಾಗೆಲ್ಲ ಈ ಮೆರವಣಿಗೆಯ ಬಾಲಕ್ಕೆ ಸೇರಿಕೊಳ್ಳುತ್ತಿದ್ದೆ.

ಕರಡಿಯನ್ನು ಕೊಲ್ಲುವ ಹಾಗಿಲ್ಲ, ಅದು ಕಾಯ್ದೆ. ಕೊಲ್ಲುವ ಮನಸ್ಸಂತೂ ಮಾವನಿಗೆ ಕನಸಿನಲ್ಲೂ ಬಂದಿಲ್ಲ. ಜೀವಕ್ಕೇ ಬಂದಾಗ ಆಕಾಶಕ್ಕೆ ಒಂದು ಗುಂಡು ಹಾರಿಸಿ ಹೆದರಿಸುವುದು, ಅಷ್ಟೇ ಅವರ ಯೋಜನೆ. ಒಂದು ದಿನ ತೋಟದ ಬೇಲಿಗೆ ಕರಡಿ ಬಂತು. ಮಾವ ಕಣ್ಣು ಮುಚ್ಚಿ ಮೇಲಕ್ಕೆ ಹಾರಿಸಿದರು. ಟಪ್! ಹಪ್ಪಳ ಮುರಿದಷ್ಟು ಸದ್ದು. ಕರಡಿ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಬೆನ್ನು ಕೆರೆದುಕೊಂಡು, ತನ್ನ ಪಾಡಿಗೆ ತಾನು ಗುಡ್ಡ ಹತ್ತಿತು.

"ಪಟಾಕಿ ತರ್ರಿ, ಇದಕ್ಕಿಂತ ಅದ ಚಲೋ," ಎಂದರು ಅತ್ತೆ.

ಈ ಮಾತು ಮಾವನಿಗೆ ನಾಟಿಬಿಟ್ಟಿತು. ಸೀದಾ ಬಳ್ಳಾರಿಗೆ ಹೋಗಿ ಗುಂಡಿನ ಅಂಗಡಿಯವನ ಮುಂದೆ ಕೂತರು. ಅಂಗಡಿಯವನು ಇನ್ನೊಂದು ಡಬ್ಬಿ ತೆಗೆದ. ಅಳತೆ ಅದೇ, ಆದರೆ ಒಳಗಿನ ಒತ್ತಡ ಹೆಚ್ಚು, ಸದ್ದೂ ಹೆಚ್ಚು. ಮಾವ ಖುಷಿಯಿಂದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಎದ್ದರು. ಬಾಗಿಲ ತನಕ ಬಂದವರಿಗೆ ಅಂಗಡಿಯವನು ಒಂದು ಮಾತು ಹೇಳಿದ. ಆ ಪುಣ್ಯಾತ್ಮ ಬಾಯಿ ಮುಚ್ಚಿಕೊಂಡಿದ್ದರೆ ನಮ್ಮ ಮನೆತನ ನೆಮ್ಮದಿಯಿಂದ ಇರುತ್ತಿತ್ತು!

"ಹೊಸಾ ಪಿಸ್ತೂಲು, ತಡಕಂತೈತ್ರಿ. ಆದ್ರ ದಿನಾ ಇದನ್ನ ಹೊಡೀಬ್ಯಾಡ್ರಿ. ಸ್ಪ್ರಿಂಗು ಸವೀತೈತಿ. ಯಾವುದಕ್ಕೂ ಪಿಸ್ತೂಲಿನ ಜೋಡಿ ಬಂದ ಪುಸ್ತಕ ಒಂದ ಸಲ ನೋಡ್ರಿ."

ತಡೆದುಕೊಳ್ಳುತ್ತದೆ ಎಂದರೆ ಎಷ್ಟು ತಡೆದುಕೊಳ್ಳುತ್ತದೆ? ತಡೆದುಕೊಳ್ಳದಿದ್ದರೆ ಏನಾಗುತ್ತದೆ? ಬಸ್ಸು ಕೂಡ್ಲಿಗಿ ಮುಟ್ಟುವುದರೊಳಗೆ ಮಾವನ ನಿದ್ದೆ ಹಾರಿಹೋಗಿತ್ತು. ಬಂದವರೇ ನನಗೆ ಫೋನು ಮಾಡಿದರು. "ಟೀಚರಮ್ಮಾ, ಇಂಗ್ಲಿಷ್ ಪುಸ್ತಕ ಐತಿ, ಬಂದು ಓದಿ ಹೇಳವ್ವ."

"ಮಾವಾ, ನಾ ಕನ್ನಡ ಟೀಚರು!"

"ಟೀಚರ್ ಅದೀ ಇಲ್ಲೋ? ಬಾ ಅಂದ್ರ ಬಾ."

ಓದಿದೆ. ಈ ಮಾದರಿಯಲ್ಲಿ ಜೋರು ಗುಂಡು ಬಳಸಬಹುದು, ಆದರೆ ಭಾಗಗಳು ಬೇಗ ಸವೆಯುತ್ತವೆ, ಆಗಾಗ ತಪಾಸಣೆ ಮಾಡಿಸಿ ಎಂದಿತ್ತು. 'ಬಳಸಬಹುದು' ಎಂಬ ಮಾತು ಮಾವನ ಕಿವಿಯ ಹೊರಗೇ ಉಳಿಯಿತು, 'ಆದರೆ' ಎಂಬುದೊಂದೇ ಒಳಗೆ ಹೋಯಿತು.

ಮರುದಿನದಿಂದ ತಪಾಸಣೆ ಶುರು. ಪಿಸ್ತೂಲಿನದಲ್ಲ, ಊರಿನ ಮಂದಿಯದು! ಕೊಟ್ಟೂರಿಗೆ ಹೋಗಿ ಕುಕ್ಕರ್ ರಿಪೇರಿಯವನನ್ನು ಕೇಳಿದರು. "ಸೀಟಿ ಸರಿ ಇದ್ರ ಏನೂ ಆಗಂಗಿಲ್ರಿ," ಎಂದ. ಪಿಸ್ತೂಲಿಗೆ ಸೀಟಿ ಎಲ್ಲಿದೆ ಎಂದು ಮಾವ ಅರ್ಧ ದಿನ ಹುಡುಕಿದರು. ಹಡಗಲಿ ರಸ್ತೆಯ ಪಂಕ್ಚರ್ ಅಂಗಡಿಯವನನ್ನು ಕೇಳಿದರು: "ಮೂವತ್ತು ಪೌಂಡಿನ ಟೈರಿಗೆ ನಲವತ್ತು ಹೊಡದ್ರ?"

"ಓಡ್ತೈತ್ರಿ. ಹಂಪು ಬಂದಾಗ ಮಾತ್ರ ಗಾಡಿ ಮುಂದ ಹೋಗ್ತೈತಿ, ನೀವು ಮ್ಯಾಲ ಹೋಗ್ತೀರಿ."

ಇಷ್ಟಾದ ಮೇಲೆ ತಲೆಸುತ್ತು ಬಾರದೆ ಇರುತ್ತದೆಯೇ? ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, "ಬಿಪಿ ಏರೈತಿ, ಏನು ಚಿಂತಿ ನಿಮಗ?" ಎಂದರಂತೆ. ಮಾವ ಪಟ್ಟಿಯನ್ನೇ ನೋಡುತ್ತಾ, "ಇದು ಎಷ್ಟರ ತನಕ ತಡೀತೈತ್ರಿ, ಸರ?" ಎಂದು ಕೇಳಿ ಬಂದರು.

ನಡುವೆ ಚುನಾವಣೆ ಬಂತು. ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂದು ಆದೇಶ. ನಾವು ದೇವರಿಗೆ ಎಡೆ ಹಿಡಿದೆವು. ಇನ್ನಾದರೂ ಮಾವ ಒಂದು ಕಡೆ ಕೂತಾರು! ಎಲ್ಲಿ? ತೋಟಕ್ಕೆ ಹೋಗುವಾಗ ಕೈಯಲ್ಲಿ ಪಂಜು, ವಾಪಸು ಬಂದವರು ಚಹಾ ಕುಡಿಯುವ ಮೊದಲೇ ಠಾಣೆಗೆ ಹಾಜರು. ಅಲ್ಲಿ ಬಿಸಿಲು ಬೀಳುತ್ತದೆಯೇ, ಕಾವಿಗೆ ಏನಾದರೂ ಆದೀತೇ ಎಂದು ವಿಚಾರಣೆ. ಮೂರನೆಯ ದಿನ ಪೇದೆ ಎದ್ದು ನಿಂತು ಕೈಮುಗಿದ. "ಸಾವ್ಕಾರ್ರ, ಅದು ಆರಾಮ ಮಲಗೈತಿ. ಊಟ ತಂದಿದ್ರ ಕೊಟ್ಟು ಹೋಗ್ರಿ, ಎದ್ದ ಮ್ಯಾಲ ಉಣಿಸ್ತೀನಿ."

ದಸರಾ ರಜೆಗೆ ನಾನು ಹೋದಾಗ ಪಿಸ್ತೂಲು ಮನೆಗೆ ಮರಳಿತ್ತು. ಆಯುಧಪೂಜೆಯ ದಿನ ಗಾಣ, ಬೈಕು, ಕುಡಗೋಲು, ತಕ್ಕಡಿ ಎಲ್ಲಕ್ಕೂ ವಿಭೂತಿ ಕುಂಕುಮ ಆಗುವಾಗ ಪಿಸ್ತೂಲನ್ನು ಬಿಡುವುದುಂಟೇ? ಪುಸ್ತಕದಲ್ಲಿ ಎಣ್ಣೆ ಹಚ್ಚಿ ಎಂದಿತ್ತು, ಗಾಣದ ಮಾಲೀಕರು ಹಚ್ಚಿದರು, ತಮ್ಮದೇ ಗಾಣದ ಶುದ್ಧ ಶೇಂಗಾ ಎಣ್ಣೆ! ಅಷ್ಟಕ್ಕೇ ನಿಲ್ಲಲಿಲ್ಲ. ಸಾದಾ ಗುಂಡಿನ ಡಬ್ಬಿ, ಜೋರು ಗುಂಡಿನ ಡಬ್ಬಿ ಎರಡನ್ನೂ ಒಂದೇ ಹಿತ್ತಾಳೆ ತಟ್ಟೆಗೆ ಸುರಿದು, ಒಂದೊಂದಕ್ಕೂ ಎಣ್ಣೆ ಸವರಿ, ತಳಕ್ಕೆ ಕುಂಕುಮ ಒತ್ತಿದರು. ಯಾವುದು ಸಾದಾ, ಯಾವುದು ಜೋರು ಎಂದು ತಿಳಿಯುವ ಚಿಕ್ಕ ಅಕ್ಷರಗಳು ಇರುವುದು ಆ ತಳದಲ್ಲೇ! ಎಣ್ಣೆ ಕುಂಕುಮ ಸೇರಿ ಅಕ್ಷರಗಳು ತುಂಬಿಹೋದವು.

ಮಂಗಳಾರತಿ ಮುಗಿಯುವಾಗ ಮಾವನಿಗೆ ಹೊಳೆಯಿತು. ಕರ್ಪೂರ ಉರಿಯುತ್ತಿರುವಾಗಲೇ ಮುಖ ಬಿಳಿಚಿಕೊಂಡಿತು. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಗುಂಡು ಆರಿಸಲು ಕೂತರು. "ಇದು ಜೋರು... ಅಲ್ಲ, ಸಾದಾ... ತಡಿ, ಇದು ಕುಂಕುಮ." ನಾನು ಹಳೆಯ ಹಲ್ಲುಜ್ಜುವ ಬ್ರಷ್ ತಂದೆ. "ಏ, ಉಜ್ಜಬ್ಯಾಡ, ಸಿಡದೀತು!" ಎಂದು ಎರಡು ಮಾರು ಹಿಂದಕ್ಕೆ ಹಾರಿದರು. ಸಂಜೆಯ ಹೊತ್ತಿಗೆ ಎಣ್ಣೆಯ ವಾಸನೆಗೆ ಗೋಡೆಯುದ್ದಕ್ಕೂ ಇರುವೆಗಳ ಸಾಲು ಪಿಸ್ತೂಲಿನೊಳಗೆ ನಡೆದಿತ್ತು. ಕರಡಿಯನ್ನು ಹೆದರಿಸಬೇಕಾದ ಆಯುಧಕ್ಕೆ ಇರುವೆಗಳೂ ಕವಡೆ ಕಿಮ್ಮತ್ತು ಕೊಡಲಿಲ್ಲ. ಅವುಗಳನ್ನು ಸಾಯಿಸಲು ಮನಸ್ಸಿಲ್ಲದ ಮಾವ ಪಕ್ಕದಲ್ಲಿ ಸಕ್ಕರೆ ಇಟ್ಟು, ಅವು ತಾವಾಗಿಯೇ ಹೊರಗೆ ಬರುವವರೆಗೆ ಕಾದು ಕೂತರು. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅವರು ನಗಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ನಾವು ಮೂವರೂ ತೋಟಕ್ಕೆ ಹೊರಟೆವು. ಮಾವ ಒಳಕೋಣೆಯ ಬಾಗಿಲು ಹಾಕಿಕೊಂಡು ಪಿಸ್ತೂಲು ಸಜ್ಜುಮಾಡಿ, ಸೊಂಟ ತಟ್ಟಿಕೊಂಡು ಬಂದರು. ದಾರಿಯುದ್ದಕ್ಕೂ ಒಂದೇ ಸಮನೆ ಅತ್ತ ನೋಡು, ಇತ್ತ ನೋಡು. ಪಪ್ಪಾಯಿ ಗಿಡಗಳ ತಿರುವಿನಲ್ಲಿ ಅವರು ತಟ್ಟನೆ ನಿಂತರು.

ಕರಡಿ. ಹತ್ತು ಹೆಜ್ಜೆ ಇರಬಹುದು. ಬಿದ್ದ ಹಣ್ಣು ತಿನ್ನುತ್ತಿದ್ದದ್ದು ನಮ್ಮನ್ನು ಕಂಡು ಹಿಂಗಾಲ ಮೇಲೆ ಎದ್ದಿತು. ಅತ್ತೆಯ ಕೈ ತಾನಾಗಿಯೇ ಅವರ ಎಡ ಭುಜಕ್ಕೆ ಹೋಯಿತು. ಮಾವ ಹಿಂದೆ ಸರಿಯಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ನಮಗೆ ಅಡ್ಡವಾಗಿ ಕೈ ಅಗಲಿಸಿ ನಿಂತು, ಪಿಸ್ತೂಲು ಮೇಲಕ್ಕೆತ್ತಿ ಕೂಗಿದರು.

"ಹೋಗ್ರಿ! ಅತ್ಲಾಗ ಹೋಗ್ರಿ!"

ಕರಡಿಗೂ ಬಹುವಚನ! ಸದ್ದು ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನು ಕಿವಿ ಮುಚ್ಚಿಕೊಂಡೆ. ಬರಲಿಲ್ಲ. ಕರಡಿ ಒಂದು ಹೆಜ್ಜೆ ಮುಂದೆ ಇಟ್ಟಿತು. ಮಾವನೂ ಒಂದು ಹೆಜ್ಜೆ ಮುಂದೆ ಇಟ್ಟರು. ಅಷ್ಟರಲ್ಲಿ ಅತ್ತೆ ತಂಬಿಗೆಯಿಂದ ಬಕೆಟ್ಟನ್ನು ಬಡಿಯತೊಡಗಿದರು. ಢಣಢಣ ಸದ್ದಿಗೆ ಇಡೀ ಗುಡ್ಡ ಎದ್ದು ಕೂತಿತು. ಕರಡಿ ಮುಖ ಸಿಂಡರಿಸಿ, ಹೊರಳಿ, ಬಂಡೆಗಳ ನಡುವೆ ಓಡಿಹೋಯಿತು.

"ಮಾವಾ, ಯಾಕ ಹಾರಿಸ್ಲಿಲ್ಲ?" ನನಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಇದರ ಸಲುವಾಗಿ ಅಲ್ಲೇನು ಇಷ್ಟೆಲ್ಲ ಮಾಡಿದ್ದು?"

ಅವರು ಪಿಸ್ತೂಲನ್ನು ನನ್ನ ಕಡೆಗೆ ತಿರುವಿ ತೋರಿಸಿದರು. ಹಿಡಿಯ ಕೆಳಗೆ, ಗುಂಡುಗಳನ್ನು ತುಂಬಿ ಸಿಕ್ಕಿಸುವ ಕೊಳವೆಯ ಜಾಗ ಬರಿದಾಗಿತ್ತು.

"ಗುಂಡು ಮನ್ಯಾಗ ಅದಾವವ್ವ. ಪೂಜಿ ದಿನದಿಂದ ಹಾಕಿಲ್ಲ. ಯಾವುದು ಜೋರು, ಯಾವುದು ಸಾದಾ ಗೊತ್ತಾಗಲಿಲ್ಲ. ತಡೀಲಾರದ ಸಿಡದ್ರ ನನ್ನ ಕೈ ಹೋಗ್ಲಿ, ಚೂರು ಹಾರಿ ನಿಮ್ಮತ್ತಿಗೆ ಬಡದ್ರ? ಇಕಿ ನನ್ನ ಬೆನ್ನಿಗೇ ಇರ್ತಾಳಲ್ಲ."

ಅತ್ತೆ ಬಡಿಯುವುದನ್ನು ನಿಲ್ಲಿಸಿದ್ದರು. "ಖಾಲಿ ಪಿಸ್ತೂಲು ಹಿಡಕಂಡು ಅದರ ಎದುರಿಗೆ ಹೋಗಿ ನಿಂತ್ರ್ಯಾ? ಅದು ಮ್ಯಾಲ ಬಿದ್ದಿದ್ರ?"

"ಬೀಳಲಿ. ಮೊದ್ಲು ನನ್ನ ಮ್ಯಾಲ ಬೀಳ್ತಿತ್ತು," ಎಂದರು ಮಾವ. "ಅಷ್ಟ್ರಾಗ ನೀ ಓಡಬಹುದಿತ್ತಲ್ಲ."

ಇಷ್ಟು ವರ್ಷ ನಾನು ಈ ಮನುಷ್ಯನ ಚಡಪಡಿಕೆಯನ್ನು ಕಂಡು ನಕ್ಕಿದ್ದೆ, ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿ ನಗಿಸಿದ್ದೆ. ನನಗೆ ನಾಚಿಕೆಯಾಯಿತು. ನಮ್ಮ ಕಡೆ ಗಂಡ ಹೆಂಡತಿ ದಾರಿಯಲ್ಲಿ ಅಕ್ಕಪಕ್ಕ ನಡೆಯುವುದೇ ಅಪರೂಪ, ಅತ್ತೆಯಂತೂ ಮಾವನ ಹೆಸರನ್ನು ಕೂಡ ಬಾಯಿಬಿಟ್ಟು ಹೇಳಿದವರಲ್ಲ. ಅವತ್ತು ಅವರು ಬಕೆಟ್ಟನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮಾವನ ಹಣೆಯ ಬೆವರು ಒರೆಸಿ, ಅವರ ಬಲಗೈಯನ್ನು ಹಿಡಿದುಕೊಂಡು, ಎಮ್ಮೆ ಕಾಯಲಿ ಎಂದು ಊರಿನ ಕಡೆ ತಿರುಗಿದರು. ಊರು ಬಂತು, ಬಾವಿಯ ಹತ್ತಿರ ಮಂದಿ ಕಂಡರು, ಪೇದೆಯೂ ಎದುರಿಗೆ ಬಂದ. ಅತ್ತೆ ಕೈ ಬಿಡಲಿಲ್ಲ.