ಇಂಗ್ಲಿಷ್ ಟೀಚರ್ ಪಪ್ಪಾಯಿ ತುರಿದದ್ದು

ಎಲ್ಲ ಅನಾಹುತಕ್ಕೂ ಕಾರಣ ಮಾರಿಫೆಯ ಮೂಗು. ಅದು ಥೇಟ್ ಬಾನ್ ನೋಂಗ್ ಪುವಾ ಊರಿನ ಹೆಣ್ಣುಮಕ್ಕಳ ಮೂಗಿನ ಹಾಗೇ ಇತ್ತು. ಫಿಲಿಪ್ಪೀನ್ಸಿನಿಂದ ಈ ಥಾಯ್ ಹಳ್ಳಿಯ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದವಳು ಟೆಂಪೋದಿಂದ ಇಳಿದಳೋ ಇಲ್ಲವೋ, ಅಡುಗೆಯ ಬುವಾಲೈ ದೊಡ್ಡಮ್ಮ ಕೈಹಿಡಿದು ಒಳಗೆ ಎಳೆದೊಯ್ದಳು.

"ಈಗ ಬರ್ತೀಯೇನೇ? ನಿಮ್ಮತ್ತೆ ಆರಕ್ಕೇ ಕಳಿಸ್ತೀನಿ ಅಂದಿದ್ಲು! ಹೊಸ ಇಂಗ್ಲಿಷ್ ಮೇಷ್ಟ್ರು ಬರೋ ದಿನ. ಹಿಡಿ, ಕೋಸಂಬರಿಗೆ ಪಪ್ಪಾಯಿಕಾಯಿ ತುರಿ."

"ದೊಡ್ಡಮ್ಮ, ಇಂಗ್ಲಿಷ್ ಟೀಚರ್ ನಾನೇ," ಎಂದಳು ಮಾರಿಫೆ, ಮೂರು ತಿಂಗಳಲ್ಲಿ ಕಲಿತ ಥಾಯ್‌ನಲ್ಲಿ.

"ಹೌದು ತಾಯಿ, ನಾನು ಮಂತ್ರಿ. ಸಣ್ಣಗೆ ತುರಿ."

ಮಾರಿಫೆಗೆ ತಲೆಬುಡ ತಿಳಿಯಲಿಲ್ಲ. ಚೀಲದಲ್ಲಿದ್ದ ನೇಮಕದ ಕಾಗದಕ್ಕೆ ಹೆಡ್ಮೇಷ್ಟ್ರ ಸಹಿ ಇವತ್ತೇ ಬೀಳಬೇಕು. ಬೀಳದಿದ್ದರೆ ಕೆಲಸ ಹೋಯಿತು, ನಾಳೆ ಮನಿಲಾಗೆ ವಾಪಸ್. ಕೈ ಒರೆಸಿಕೊಂಡು ಹೊರಗೆ ಓಡಿದಳು.

ಗೇಟಿನಲ್ಲಿ ಹೊಸ ಮೇಷ್ಟ್ರ ಸ್ವಾಗತಕ್ಕೆ ಡೋಲು ಬಡಿಯುತ್ತಿದ್ದರು. ಸೈಕಲ್ಲಿನಲ್ಲಿ ದೇಶ ಸುತ್ತಲು ಹೊರಟ ಹಂಗೇರಿಯ ಝೋಲ್ಟ್ ಎಂಬ ಆರಡಿ ಆಸಾಮಿ, ಬಿಸಿಲಿಗೆ ಬೆಂದ ಸೀಗಡಿಯಂತೆ ಕೆಂಪಾಗಿ, ಪಂಕ್ಚರಾದ ಸೈಕಲ್ ಹಿಡಿದು ನಿಂತಿದ್ದ. ಹೆಡ್ಮೇಷ್ಟ್ರು ಪ್ರದಿತ್ ಅವನ ಹೊಂಬಣ್ಣದ ಕೂದಲು ನೋಡಿದರು. ಬೇರೆ ಸರ್ಟಿಫಿಕೇಟು ಯಾರಿಗೆ ಬೇಕು? ಅವನು ಟೈರು ತೋರಿಸಿದ. ಇವರು ಹಾರ ಹಾಕಿ, ಕೈಗೆ ಸೀಮೆಸುಣ್ಣ ಕೊಟ್ಟು, ಸೈಕಲ್ ಸಮೇತ ತರಗತಿಗೆ ನೂಕಿದರು.

ಮಾರಿಫೆ ಹಿಂದೆಯೇ ನುಗ್ಗಿ ಇಂಗ್ಲಿಷಿನಲ್ಲಿ ಕೇಳಿದಳು: "ನಿಮಗೆ ಇಂಗ್ಲಿಷ್ ಬರುತ್ತಾ?"

"ಥ್ಯಾಂಕ್ಯೂ!" ಎಂದ ಝೋಲ್ಟ್. ಅವನಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ.

ಪಾಪ, ಅವನು ಟೈರಿನ ತೂತುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದ. "ಎಜ್, ಕೆತ್ತೋ, ಹಾರೊಮ್," ಎಂದು ತನ್ನ ಹಂಗೇರಿ ಭಾಷೆಯಲ್ಲಿ ಒಂದು, ಎರಡು, ಮೂರು ಎಣಿಸಿದ.

"ಎಜ್! ಕೆತ್ತೋ! ಹಾರೊಮ್!" ಮಕ್ಕಳು ಹೆಂಚು ಹಾರುವಂತೆ ಕೂಗಿದರು.

ಹೆಡ್ಮೇಷ್ಟ್ರ ಕಣ್ಣು ಒದ್ದೆಯಾಯಿತು. "ಇದು ನೋಡಿ ಅಸಲಿ ಇಂಗ್ಲಿಷು! ಟೀವೀಲಿ ಬರೋದೆಲ್ಲ ಕಲಬೆರಕೆ."

"ಸಾರ್, ನನ್ನ ಕಾಗದ..."

"ಅಡುಗೆ ಕೆಲಸಕ್ಕೆ ಕಾಗದ ಯಾಕಮ್ಮ? ಹೋಗು, ಊಟಕ್ಕೆ ಹೊತ್ತಾಯ್ತು."

ಮಧ್ಯಾಹ್ನ ಊರಿಗೆ ಊರೇ ಬಂದು ಝೋಲ್ಟನ ಮಣಿಕಟ್ಟಿಗೆ, 'ಇನ್ನು ನೀವು ನಮ್ಮವರು' ಎಂದು ಹರಸುವ ಬಿಳಿ ದಾರ ಕಟ್ಟಿತು. ಮೊಣಕೈವರೆಗೂ ದಾರ. ಅವನು ಎಲ್ಲರಿಗೂ ಥ್ಯಾಂಕ್ಯೂ ಎಂದ. ಅಡುಗೆಮನೆಯಲ್ಲಿ ಮಾರಿಫೆ ಏಳನೆಯ ಪಪ್ಪಾಯಿ ತುರಿಯುತ್ತಿದ್ದಳು.

ಮೂರು ಗಂಟೆಯ ಟೆಂಪೋದಲ್ಲಿ ಒಬ್ಬ ಹುಡುಗಿ ಇಳಿದಳು. "ದೊಡ್ಡಮ್ಮ, ಬಸ್ಸು ತಪ್ಪೋಯ್ತು. ಅಡುಗೆಗೆ ಅತ್ತೆ ಕಳ್ಸಿದ್ದು ನನ್ನೇ."

ದೊಡ್ಡಮ್ಮನ ಕೈಯಿಂದ ಒನಕೆ ಜಾರಿತು. "ಹಾಗಾದ್ರೆ ಇವಳ್ಯಾರು?"

ಮಾರಿಫೆ ಕಾಗದವನ್ನು ಹೆಡ್ಮೇಷ್ಟ್ರ ಮೂಗಿನ ಮುಂದೆ ಹಿಡಿದಳು. ಅವರು ಫೋಟೋ ನೋಡಿದರು, ಅವಳನ್ನು ನೋಡಿದರು, ಬೆವರಿದರು. "ಅಯ್ಯೋ, ದೊಡ್ಡ ತಪ್ಪಾಯ್ತು ಟೀಚರ್!" ಎಂದು ನಿಂತಲ್ಲೇ ಸಹಿ ಗೀಚಿದರು. ಮಾರಿಫೆಗೆ ಹೋದ ಜೀವ ಬಂತು.

"ಆದ್ರೆ ಅವರಿಗೆ ಊರೇ ದಾರ ಕಟ್ಟಿಬಿಟ್ಟಿದೆಯಲ್ಲ," ಹೆಡ್ಮೇಷ್ಟ್ರು ತಲೆ ಕೆರೆದುಕೊಂಡರು. "ದಾರ ಕಟ್ಟಿ, 'ನೀವಲ್ಲ, ಹೋಗಿ' ಅಂದ್ರೆ ಊರಿನ ಮಾನ ಉಳಿಯುತ್ತಾ?"

ಮೂರನೆಯ ಸಲ ಬಡಿಸಿಕೊಳ್ಳುತ್ತಿದ್ದ ಝೋಲ್ಟನಿಗೂ ಹೋಗುವ ಅವಸರ ಕಾಣಲಿಲ್ಲ.

"ಮತ್ತೆ ನಾನು?"

"ಕೆಲಸ ನಿಮ್ದೇ, ಅನುಮಾನವೇ ಬೇಡ! ನಾಳೆ ಎಂಟಕ್ಕೆ ಅವರ ಪಾಠ. ನೀವು ಏಳಕ್ಕೇ ಬಂದು ಅವರಿಗೆ ಇಂಗ್ಲಿಷ್ ಕಲಿಸಿಬಿಡಿ."

ದೊಡ್ಡಮ್ಮ ಹೊಸ ಹುಡುಗಿಯ ತುರಿಯನ್ನು ಬೆರಳಲ್ಲಿ ಎತ್ತಿ ನೋಡಿ ಮುಖ ಸಿಂಡರಿಸಿದಳು. "ಎಂಟರ ಮೇಲೆ ಇಲ್ಲಿಗೇ ಬಂದ್ಬಿಡಿ ಟೀಚರ್. ಇವಳಿಗೆ ನಿಮ್ಮಷ್ಟು ಸಣ್ಣಗೆ ತುರಿಯೋಕೆ ಬರಲ್ಲ."