ವಿದೇಶಿ ಶಿಕ್ಷಕರು ಕೊರಿಯನ್ ಭಾಷೆಯನ್ನು ಮರೆಯುವ ಬಗ್ಗೆ

ಆಡಳಿತ ವಿಭಾಗ, ಆಂಗ್ಲ ಶಿಶುವಿಹಾರ
ನಾಲ್ಕನೇ ಮಹಡಿ (ಕೋಳಿ ಕರಿಯುವ ಅಂಗಡಿಯ ಮೇಲೆ, ಟೇಕ್ವಾಂಡೋ ಶಾಲೆಯ ಕೆಳಗೆ), ಸುವೊನ್, ದಕ್ಷಿಣ ಕೊರಿಯಾ

ಸಂಖ್ಯೆ: ಆಂಶಿವಿ/ಆಡಳಿತ/ಮರೆವು/07/2019
ದಿನಾಂಕ: 08-07-2019

ಸುತ್ತೋಲೆ

ವಿಷಯ: ವಿದೇಶಿ ಶಿಕ್ಷಕರು ತಮಗೆ ತಿಳಿದಿರುವ ಕೊರಿಯನ್ ಭಾಷೆಯನ್ನು ಮರೆಯುವ ಹಾಗೂ ಮರೆತ ಸ್ಥಿತಿಯಲ್ಲೇ ಮುಂದುವರಿಯುವ ಕುರಿತು.

ಉಲ್ಲೇಖ:
1. ಈ ಕಚೇರಿಯ ಸುತ್ತೋಲೆ ಸಂಖ್ಯೆ 03, ‘ಮಕ್ಕಳು ಶೌಚಾಲಯಕ್ಕೆ ಹೋಗಲು ಪೂರ್ಣ ವಾಕ್ಯದಲ್ಲಿ ಅನುಮತಿ ಕೋರುವ ಬಗ್ಗೆ’.
2. ತಾಯಂದಿರ ಮೊಬೈಲ್ ಗುಂಪಿನಲ್ಲಿ ದಿನಾಂಕ 27-06-2019ರಂದು ಬಂದ ನಲವತ್ತೊಂದು ಸಂದೇಶಗಳು ಮತ್ತು ಒಂಬತ್ತು ಅಳುಮುಖಗಳು.
3. ಶಿಕ್ಷಕಿ ಬ್ರೋನಾ ಕೀನನ್ ಅವರ ಹೇಳಿಕೆ (ಕೊರಿಯನ್ ಭಾಷೆಯಲ್ಲಿ).

ಪ್ರಸ್ತಾವನೆ:

ಈ ಸಂಸ್ಥೆಯ ಬಾಗಿಲ ಒಳಗೆ ಇಂಗ್ಲಿಷ್ ಹೊರತು ಬೇರೆ ಭಾಷೆ ಇರುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯವಾಗಿರುತ್ತದೆ. ಐರ್ಲೆಂಡ್ ದೇಶದ ಬ್ರೋನಾ ಕೀನನ್ ಎಂಬುವರು ಎರಡು ವರ್ಷ ಹತ್ತು ತಿಂಗಳಿನಿಂದ ಇಲ್ಲಿ ಕೆಲಸ ಮಾಡುತ್ತಿದ್ದು, ಪ್ರಸ್ತುತ ಮೊಲದ ತರಗತಿಯ ಹನ್ನೊಂದು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಾರೆ. ಇವರಿಗೆ ಕೊರಿಯನ್ ಒಂದಕ್ಷರವೂ ಬಾರದೆಂದು ಪೋಷಕರಿಗೆ ಭರವಸೆ ನೀಡಲಾಗಿತ್ತು. ಕರಪತ್ರದಲ್ಲಿ ಸದರಿಯವರ ಅರ್ಹತೆಗಳ ಪೈಕಿ ಇದನ್ನೇ ಮೊದಲನೆಯದಾಗಿ ಮುದ್ರಿಸಲಾಗಿತ್ತು.

ದಿನಾಂಕ 27-06-2019ರ ಗುರುವಾರ ಪೋಷಕರ ಸಮ್ಮುಖದ ತರಗತಿ ಏರ್ಪಡಿಸಲಾಗಿತ್ತು. ಹತ್ತು ತಾಯಂದಿರೂ ಒಬ್ಬ ಅಜ್ಜಿಯೂ ಮಕ್ಕಳ ಕುರ್ಚಿಗಳ ಮೇಲೆ ಹೇಗೋ ಆಸೀನರಾಗಿದ್ದರು. ಮೂರು ವಾರ ಗಿಳಿಪಾಠ ಮಾಡಿಸಿದ ಪ್ರಕಾರ, ಹವಾಮಾನ ಹೇಗಿದೆಯೆಂದು ಶಿಕ್ಷಕಿ ಕೇಳಲಾಗಿ, ‘ಇಟ್ ಈಸ್ ಸನ್ನಿ!’ ಎಂದು ಹತ್ತು ಮಕ್ಕಳು ಒಕ್ಕೊರಲಿನಿಂದ ಉತ್ತರಿಸಿದರು. ಅಂದು ಬೆಳಗಿನಿಂದ ಧಾರಾಕಾರವಾಗಿ ಮಳೆಯಾಗುತ್ತಿತ್ತು. ನಾಮ್ಗುಂಗ್ ಯುಲ್ ಎಂಬ ಬಾಲಕ (ಇಂಗ್ಲಿಷ್ ಹೆಸರು ಆಲಿವರ್, ತಾನು ಟೈರಾನೊ ಎಂಬ ಡೈನೊಸಾರ್ ಎಂದು ಹೇಳಿಕೊಳ್ಳುತ್ತಾನೆ) ಕಿಟಕಿಯತ್ತ ಬೆರಳು ತೋರಿಸಿ, “ಏಯ್, ಎಲ್ಲಾ ಸುಳ್ಳು ಹೇಳ್ತಿದೀರ! ಮಳೆ ಬರ್ತಿದೆ ಕಣ್ರೋ!” ಎಂದು ಕೊರಿಯನ್ನಿನಲ್ಲಿ ಕೂಗಿದ್ದು ಅಂದಿನ ಮೊದಲ ಲೋಪವಾಗಿರುತ್ತದೆ.

ಎರಡನೇ ಲೋಪವು ಆರು ನಿಮಿಷಗಳ ನಂತರ ಸಂಭವಿಸಿತು. ಗ್ವಾಕ್ ಸೋದಮ್ (ಇಂಗ್ಲಿಷ್ ಹೆಸರು ವನೆಸ್ಸಾ, ವಯಸ್ಸು ಐದು) ಎಂಬ ಬಾಲಕಿ ಎದ್ದು ನಿಂತು, ಕಾಲು ಹೆಣೆದುಕೊಂಡು, “ಟೀಚರ್, ಸುಸ್ಸು” ಎಂದಳು. ಉಲ್ಲೇಖ 1ರ ಪ್ರಕಾರ ಪೂರ್ಣ ವಾಕ್ಯ ಬರುವವರೆಗೆ ಶಿಕ್ಷಕಿ ಅರ್ಥವಾಗದವರಂತೆ ನಿಂತಿರಬೇಕಾಗಿತ್ತು, ನಿಂತಿದ್ದರು. ಬಾಲಕಿ ‘ಮೇ ಐ...’ ಎಂದು ಆರಂಭಿಸಿ ನಿಲ್ಲಿಸಿದಳು. ಮತ್ತೆ ‘ಮೇ ಐ...’ ಎಂದಳು. ಕಣ್ಣಲ್ಲಿ ನೀರು ತುಂಬಿಕೊಂಡು, ಹನ್ನೊಂದು ಮಂದಿ ಪೋಷಕರನ್ನೂ ಒಮ್ಮೆ ನೋಡಿ, ‘ಮೇ ಐ ಹೆಲ್ಪ್ ಯೂ?’ ಎಂದು ಮುಗಿಸಿದಳು. ವ್ಯಾಕರಣದ ದೃಷ್ಟಿಯಿಂದ ವಾಕ್ಯವು ಪೂರ್ಣವಾಗಿದ್ದರೂ ಉದ್ದೇಶ ಈಡೇರಲಿಲ್ಲ. ಹಿಂದೆ ನಿಂತು ವಿಡಿಯೊ ಮಾಡುತ್ತಿದ್ದ ಸಂಸ್ಥೆಯ ನಿರ್ದೇಶಕರು, ಇನ್ನೊಮ್ಮೆ ಪ್ರಯತ್ನಿಸಲಿ ಎಂದು ಶಿಕ್ಷಕಿಗೆ ಕೈಸನ್ನೆ ಮಾಡಿದರು.

ಆಗ ಶಿಕ್ಷಕಿಯು ಮಂಡಿಯೂರಿ, ಬಾಲಕಿಯ ಭುಜ ಹಿಡಿದು, ಎಲ್ಲರೂ ಕೇಳಿಸಿಕೊಳ್ಳುವಂತೆ ಕೊರಿಯನ್ನಿನಲ್ಲಿ, “ಓಡ್ ನನ್ನವ್ವಾ, ಲಗೂನ ಓಡು. ವಾಕ್ಯ ಗೀಕ್ಯ ಆಮ್ಯಾಲ ನೋಡೂಣು” ಎಂದರು.

ಬಾಲಕಿ ಓಡಿದಳು. ಸಕಾಲದಲ್ಲಿ ತಲುಪಿದಳು. ಆದರೆ ಸದರಿ ಮಾತು ಸುವೊನ್ ನಗರದ ಸಭ್ಯ ಕೊರಿಯನ್ ಸಹ ಆಗಿರದೆ, ದಕ್ಷಿಣದ ಕಟ್ಟಕಡೆಯ ಹೇನಾಮ್ ಸೀಮೆಯದಾಗಿತ್ತೆಂಬುದನ್ನು ವಿಷಾದದಿಂದ ದಾಖಲಿಸಲಾಗಿದೆ. ಇದನ್ನು ಪತ್ತೆ ಹಚ್ಚಿದವರು ಸೋದಮ್‌ಳ ಅಜ್ಜಿ ಶ್ರೀಮತಿ ಚೋನ್ ಮಲ್ಸುನ್ (ವಯಸ್ಸು ಎಪ್ಪತ್ತಾರು). ಇವರು ಚಿಕ್ಕ ಕುರ್ಚಿಯಿಂದ ಕಷ್ಟಪಟ್ಟು ಎದ್ದು, “ಎಲ್ಲ್ಯಾಕಿ ಅದೀಯವ್ವಾ ನೀನು?” ಎಂದು ಕೇಳಿದ್ದು, ಶಿಕ್ಷಕಿಯು “ನಾ ಬಾಡಿಗಿ ಇರೂ ಮನಿ ಅಜ್ಜಿ ಹೇನಾಮ್‌ನಾಕಿ ಅದಾಳ್ರೀ. ಆಕಿನ್ನ ನೋಡಿ ಕಲ್ತೆ” ಎಂದು ಉತ್ತರಿಸಿರುತ್ತಾರೆ. ಅದಕ್ಕೆ ಅಜ್ಜಿಯು, “ಹನ್ನೆರಡು ವರ್ಷಾತು ಮಗಳ ಮನಿಗಿ ಬಂದು. ಈ ಊರಾಗ ನನ್ನ ಮಾತು ಆಡಾಕಿ ಒಬ್ಬಾಕೀನೂ ಸಿಗಲಿಲ್ಲ. ಸಿಕ್ಕಾಕಿ ನೋಡಿದ್ರ ಕೆಂಪ ಕೂದಲಾಕಿ!” ಎಂದು ಕೈ ತಟ್ಟಿ ನಕ್ಕಿದ್ದಾರೆ. ಬಳಿಕ ಇಬ್ಬರೂ ಉಪ್ಪು ಹಾಕಿದ ಮೀನನ್ನು ಎಷ್ಟು ದಿನ ಹುಳಿ ಬರಲು ಬಿಡಬೇಕೆಂಬ ಬಗ್ಗೆ ನಾಲ್ಕು ನಿಮಿಷ ಮಾತನಾಡಿದ್ದು, ಆ ಅವಧಿಯಲ್ಲಿ ನಡೆಯಬೇಕಾಗಿದ್ದ ‘ಹಣ್ಣುಗಳ ಹೆಸರು’ ಪಾಠವು ರದ್ದಾಗಿರುತ್ತದೆ.

ಅದೇ ಸಂಜೆ ಯುಲ್‌ನ ತಾಯಿಯವರು ಉಲ್ಲೇಖ 2ರಲ್ಲಿ ಹೀಗೆ ಬರೆದಿದ್ದಾರೆ: “ಟೀಚರ್‌ಗೆ ನಮ್ಮ ಭಾಷೆ ಬರುತ್ತೆ ಅಂತ ಗೊತ್ತಾದ್ಮೇಲೆ ಮಕ್ಕಳು ಇಂಗ್ಲಿಷ್ ಯಾಕ್ರೀ ಕಲೀತಾವೆ? ಬಂದ್ರೆ ಬರಲಿ, ಅದೂ ಎಂಥಾ ಭಾಷೆ! ನಿನ್ನೆ ಮೊನ್ನೆವರೆಗೆ ಚೆನ್ನಾಗಿದ್ದ ಹುಡುಗ, ಊಟಕ್ಕೆ ಕರೆದ್ರೆ ‘ಲಗೂನ ಬರ್ತೀನವ್ವಾ’ ಅಂತಾನೆ. ಮೀನು ಮಾರೋಕೆ ಕಳಿಸ್ಲಾ ಇವನನ್ನ?”

ತದನಂತರ ನಡೆಸಿದ ವಿಚಾರಣೆಯಲ್ಲಿ, ಎಂದಿನಿಂದ ಕೊರಿಯನ್ ಅರ್ಥವಾಗುತ್ತಿದೆ ಎಂದು ಕೇಳಲಾಗಿ ಶಿಕ್ಷಕಿಯು ನೀಡಿದ ಹೇಳಿಕೆಯ ಭಾಗವನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

“ಬಂದು ಆರು ತಿಂಗಳಿಗೆ ಎಲ್ಲಾ ತಿಳಿಯಾಕ ಹತ್ತಿತ್ರಿ. ಹುಡುಗ್ರು ನನ್ನ ಮೂಗು ಜಾರಬಂಡಿ ಹಾಂಗದ ಅಂದಿದ್ದು, ಮಾರಿ ಮ್ಯಾಗಿನ ಚುಕ್ಕಿ ತೊಳದ್ರ ಹೋಗತಾವೇನು ಅಂತ ಪಂದ್ಯಾ ಕಟ್ಟಿದ್ದು, ಎಲ್ಲಾ ಕೇಳೀನಿ. ನಗು ತಡಕೊಂಡೀನಿ. ಅದೇನು ದೊಡ್ಡದಲ್ಲ ಬಿಡ್ರಿ. ಆದ್ರ ಮಧ್ಯಾಹ್ನ ಆತಂದ್ರ ಸೋದಮ್ ಗ್ವಾಡಿ ಕಡೆ ಮಾರಿ ಮಾಡಿ ‘ಅಮ್ಮ ಬೇಕು, ಅಮ್ಮ ಬೇಕು’ ಅಂತಿತ್ತು. ನಾ ತಿಳೀಲಾರದಾಕಿ ಹಾಂಗ ನಿಂತು ಬಣ್ಣದ ಕಾಗದ ತೋರಿಸಿ ‘ವಾಟ್ ಕಲರ್ ಈಸ್ ದಿಸ್?’ ಅಂತ ಕೇಳಬೇಕು. ಒಂದು ವರ್ಷ ಕೇಳೀನ್ರಿ. ಪಾಪ, ಅಳಕೋತ ‘ಬ್ಲೂ’ ಅಂತಿತ್ತು.”

ಸದರಿ ಕಾಗದವನ್ನು ಪರಿಶೀಲಿಸಲಾಗಿ, ಬಣ್ಣವು ನೀಲಿಯೇ ಆಗಿದ್ದು ಬಾಲಕಿಯ ಉತ್ತರವು ಸರಿಯಾಗಿರುತ್ತದೆ. ಆದ್ದರಿಂದ ಬೋಧನೆಯಲ್ಲಿ ಯಾವುದೇ ಕೊರತೆ ಕಂಡುಬಂದಿರುವುದಿಲ್ಲ.

ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಗಣಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಯಾವುದೇ ವಿದೇಶಿ ಶಿಕ್ಷಕರು ಕೊರಿಯನ್ ಅರಿಯತಕ್ಕದ್ದಲ್ಲ. ಈಗಾಗಲೇ ಅರಿತಿರುವವರು ಈ ಸುತ್ತೋಲೆ ತಲುಪಿದ ಏಳು ದಿನಗಳೊಳಗಾಗಿ ಮರೆತು, ಮರೆತ ಬಗ್ಗೆ ವರದಿ ಸಲ್ಲಿಸುವುದು. ತರಕಾರಿ ಕೊಳ್ಳಲು ಅನುಕೂಲವಾಗುವಂತೆ ಒಂದರಿಂದ ಹತ್ತರವರೆಗಿನ ಅಂಕಿಗಳನ್ನು ಉಳಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಹನ್ನೊಂದನೇ ಗೆಣಸು ಬೇಕಾದವರು ಎರಡು ಬಾರಿ ಅಂಗಡಿಗೆ ಹೋಗುವುದು.

2. ಏಳು ದಿನಗಳಲ್ಲಿ ಮರೆಯಲಾಗದವರು, ಕನಿಷ್ಠಪಕ್ಷ ಹೇನಾಮ್ ಸೀಮೆಯ ಕೊರಿಯನ್ ಮರೆತು ರಾಜಧಾನಿಯ ಕೊರಿಯನ್ ಕಲಿತು, ನಂತರ ಅದನ್ನು ಮರೆಯತಕ್ಕದ್ದು.

3. ಮಕ್ಕಳು ಕೊರಿಯನ್ನಿನಲ್ಲಿ ಹಾಸ್ಯ ಮಾಡಿದಾಗ ಶಿಕ್ಷಕರು ನಗತಕ್ಕದ್ದಲ್ಲ. ತಡೆಯಲಾರದ ಸಂದರ್ಭದಲ್ಲಿ ನಗೆಯನ್ನು ಕೆಮ್ಮಾಗಿ ಪರಿವರ್ತಿಸುವುದು. ಕೆಮ್ಮು ಒಂದು ಅವಧಿಗೆ ಮೂರನ್ನು ಮೀರಬಾರದು. ಹಾಸ್ಯವು ಶಿಕ್ಷಕರ ಮೂಗಿನ ಕುರಿತಾಗಿದ್ದಲ್ಲಿ ನಾಲ್ಕನೆಯದನ್ನು ಮನ್ನಿಸಲಾಗುವುದು.

4. ಬಿದ್ದ ಮಗುವನ್ನು ಎತ್ತುವಾಗ ಬಾಯಿಂದ ತಾನಾಗಿ ಹೊರಡುವ ‘ಐಗೋ’ ಎಂಬ ಶಬ್ದವು ಕೊರಿಯನ್ನೋ ಅಲ್ಲವೋ ಎಂಬ ಬಗ್ಗೆ ಚರ್ಚೆ ನಡೆದಿದ್ದು, ಚರ್ಚೆಯ ವೇಳೆ ಮೇಜಿನ ಮೂಲೆ ಮಂಡಿಗೆ ತಗುಲಿದ ನಿರ್ದೇಶಕರೇ ಸದರಿ ಶಬ್ದವನ್ನು ಬಳಸಿದ ಕಾರಣ, ಅದು ಯಾವ ಭಾಷೆಗೂ ಸೇರಿದ್ದಲ್ಲವೆಂದು ತೀರ್ಮಾನಿಸಲಾಗಿದೆ.

5. ಶೌಚಾಲಯದ ವಾಕ್ಯದಲ್ಲಿ ಯಾವುದೇ ಸಡಿಲಿಕೆ ಇರುವುದಿಲ್ಲ. ‘ಪ್ಲೀಸ್’ ಪದ ಹೊರಡುವ ಮೊದಲೇ ಕಾರ್ಯ ಮುಗಿದಲ್ಲಿ, ಮಗುವು ಬಟ್ಟೆ ಬದಲಿಸಿದ ನಂತರ ಬಂದು ಉಳಿದ ವಾಕ್ಯವನ್ನು ಪೂರ್ಣಗೊಳಿಸತಕ್ಕದ್ದು.

6. ಪೋಷಕರು ಬರುವ ದಿನ ಹವಾಮಾನವು ಪಾಠದಲ್ಲಿ ಇರುವಂತೆಯೇ ಇರತಕ್ಕದ್ದು. ತಪ್ಪಿದಲ್ಲಿ ಪರದೆ ಎಳೆಯುವುದು. ನಾಮ್ಗುಂಗ್ ಯುಲ್‌ನನ್ನು ಪರದೆಯಿಂದ ಅತಿ ದೂರದ ಕುರ್ಚಿಯಲ್ಲಿ ಕೂರಿಸುವುದು. ಸದರಿ ಬಾಲಕನನ್ನು ಆಲಿವರ್ ಎಂದು ಕರೆದರೆ ಉತ್ತರಿಸದೆ, ಟೈರಾನೊ ಎಂದರೆ ಮಾತ್ರ ಘರ್ಜಿಸುವುದರಿಂದ, ಘರ್ಜನೆಯನ್ನು ಹಾಜರಿ ಎಂದು ಪರಿಗಣಿಸುವುದು.

7. ಅಜ್ಜಿಯರು ಶಿಕ್ಷಕರ ಊರು ವಿಚಾರಿಸತಕ್ಕದ್ದಲ್ಲ.

8. ಮಗುವು ‘ಅಮ್ಮ ಬೇಕು’ ಎಂದಾಗ ಶಿಕ್ಷಕರು ಬಣ್ಣಗಳ ಪಾಠವನ್ನೇ ಮುಂದುವರಿಸುವುದು. ನೀಲಿ ಕಾಗದವು ಪದೇ ಪದೇ ಒದ್ದೆಯಾಗಿ ಹಾಳಾಗಿರುವುದರಿಂದ ಇನ್ನು ಮುಂದೆ ಪ್ಲಾಸ್ಟಿಕ್ ಹಾಳೆಯನ್ನು ಒದಗಿಸಲಾಗುವುದು.

ಮುಂದುವರೆದು, ಶಿಕ್ಷಕಿ ಬ್ರೋನಾ ಕೀನನ್ ಅವರಿಂದ ‘ನನಗೆ ಕೊರಿಯನ್ ಬರುವುದಿಲ್ಲ’ ಎಂಬ ಮುಚ್ಚಳಿಕೆಯನ್ನು ಕೇಳಲಾಗಿತ್ತು. ಸದರಿಯವರು ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದು, ನಿರ್ದೇಶಕರಿಗೂ ಈ ಕೆಳಗೆ ಸಹಿ ಮಾಡಿದವರಿಗೂ ಇಂಗ್ಲಿಷ್ ಓದಲು ಬಾರದ ಕಾರಣ ಹಿಂದಿರುಗಿಸಿ, ಕೊರಿಯನ್ನಿನಲ್ಲಿ ಬರೆದು ತರಲು ತಿಳಿಸಲಾಯಿತು. ಅದರಂತೆ ಸ್ಪಷ್ಟವಾದ ಕೊರಿಯನ್ ಕೈಬರಹದಲ್ಲಿ, ಮಾದರಿ ಪತ್ರದಲ್ಲಿದ್ದ ಕಚೇರಿಯ ಎರಡು ಕಾಗುಣಿತ ತಪ್ಪುಗಳನ್ನೂ ತಿದ್ದಿ ಸಲ್ಲಿಸಿರುತ್ತಾರೆ. ಮುಚ್ಚಳಿಕೆಯನ್ನು ಅಂಗೀಕರಿಸಿ ಕಡತಕ್ಕೆ ಸೇರಿಸಲಾಗಿದೆ. ಅದರ ಕೆಳಗೇ, ಆಗಸ್ಟ್ ನಂತರ ಇಲ್ಲಿ ಮುಂದುವರಿಯುವುದಿಲ್ಲವೆಂದು ಸದರಿಯವರು ಬರೆದಿರುವ ಒಂದು ಸಾಲನ್ನು, ಕೇಳದೆ ಬರೆದದ್ದಾದ್ದರಿಂದ, ಓದಿರುವುದಿಲ್ಲ.

ಬಾಲಕಿ ಸೋದಮ್‌ಳನ್ನು ಶ್ರೀಮತಿ ಚೋನ್ ಮಲ್ಸುನ್ ಅವರು ದಿನಾಂಕ 05-07-2019ರಂದು ಈ ಸಂಸ್ಥೆಯಿಂದ ಬಿಡಿಸಿ, ಮನೆಯ ಹತ್ತಿರದ ಸಾಮಾನ್ಯ ಶಿಶುವಿಹಾರಕ್ಕೆ ಸೇರಿಸಿರುತ್ತಾರೆ. ಕಾರಣ ಕೇಳಲಾಗಿ, “ಉಚ್ಚಿ ಬಂದ್ರ ಉಚ್ಚಿ ಅನ್ನಾಕ ಬಿಡೂ ಸಾಲಿ ಬೇಕಾಗಿತ್ರೀ ನಮಗ” ಎಂದು ತಿಳಿಸಿದ್ದಾರೆ. ಈ ಕಾರಣವು ಅರ್ಜಿ ನಮೂನೆಯಲ್ಲಿ ಇಲ್ಲದ ಕಾರಣ ‘ಇತರೆ’ ಎಂದು ದಾಖಲಿಸಿಕೊಳ್ಳಲಾಗಿದೆ.

ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬರತಕ್ಕದ್ದು. ಈ ಕುರಿತು ಯಾವ ಭಾಷೆಯಲ್ಲೂ ಪತ್ರ ವ್ಯವಹಾರಕ್ಕೆ ಆಸ್ಪದವಿರುವುದಿಲ್ಲ.

ಸಹಿ/-
(ಪ್ಯೋ ಇನ್‌ಹ್ಯೊಕ್)
ಆಡಳಿತ ವ್ಯವಸ್ಥಾಪಕರು (ಪ್ರಭಾರ)

ಪ್ರತಿಗಳು:

1. ನಿರ್ದೇಶಕರಿಗೆ, ಮಂಡಿಯ ನೋವು ಇಳಿದ ನಂತರ ಅವಗಾಹನೆಗಾಗಿ.

2. ಎಲ್ಲ ವಿದೇಶಿ ಶಿಕ್ಷಕರಿಗೆ. ಇಂಗ್ಲಿಷ್ ಪ್ರತಿ ಸಿದ್ಧಪಡಿಸಬಲ್ಲವರು ಕಚೇರಿಯಲ್ಲಿ ಇಲ್ಲದ ಕಾರಣ ಕೊರಿಯನ್ ಪ್ರತಿಯನ್ನೇ ಲಗತ್ತಿಸಿದೆ. ಅರ್ಥ ಮಾಡಿಕೊಳ್ಳದೆ ಓದಿ ಸಹಿ ಮಾಡುವುದು.

3. ಯುಲ್‌ನ ತಾಯಿಯವರಿಗೆ. ಬಾಲಕನ ಮಾತು ಸರಿಹೋಗುವವರೆಗೆ ಊಟಕ್ಕೆ ಇಂಗ್ಲಿಷಿನಲ್ಲಿ ಕರೆಯಲು ಕೋರಿದೆ.

4. ಕೋಳಿ ಅಂಗಡಿಯವರಿಗೆ, ಮಾಹಿತಿಗಾಗಿ (ಏಕೆಂಬುದನ್ನು ನಂತರ ತಿಳಿಸಲಾಗುವುದು).

5. ಶ್ರೀಮತಿ ಚೋನ್ ಮಲ್ಸುನ್ ಅವರಿಗೆ. ಇದರ ಕರಡು ಪ್ರತಿಯನ್ನು ಸಂಸ್ಥೆಯ ವ್ಯಾನ್ ಚಾಲಕರು ನಿನ್ನೆ ಭಾನುವಾರ ತಲುಪಿಸಿದಾಗ, ಅಜ್ಜಿಯು “ನನಗ ಓದಾಕ ಬರೂದಿಲ್ಲಪಾ” ಎಂದು ಹೇಳಿ, ತಮ್ಮ ಮನೆಗೆ ಊಟಕ್ಕೆ ಬಂದಿದ್ದ ಸದರಿ ಶಿಕ್ಷಕಿಯಿಂದಲೇ ಪೂರ್ತಿ ಓದಿಸಿ ಕೇಳಿದರೆಂದೂ, ಏಳನೇ ನಿಯಮವನ್ನು ಮೂರು ಬಾರಿ ಓದಿಸಿದರೆಂದೂ, ಆ ವೇಳೆ ಬಾಲಕಿಯು ಶಿಕ್ಷಕಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳೆಂದೂ, ಚಾಲಕರಿಗೂ ಎರಡು ಬಟ್ಟಲು ಸಾರು ಬಡಿಸಲಾಯಿತೆಂದೂ ವರದಿಯಾಗಿದೆ. ಅಂತಿಮ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸದೆ, ಅಜ್ಜಿಗೆ ತಲುಪಿಸಲು ತಮ್ಮ ಕೈಗೇ ಕೊಡಬೇಕೆಂದು ಚಾಲಕರು ಕೋರಿರುತ್ತಾರೆ.